‘ಆರೋಮ್ಯಾಟಿಕ್’ ಎಂದರೆ ಪರಿಮಳವೇ? ನನ್ನ ಅನುವಾದದ ಒಂದು ಎಡವಟ್ಟು

ಕಾಗದದ ದೋಣಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿ ಹೊಟ್ಟೆ ಹೊರೆಯುವವಳು. ಓದಿದ್ದು ಬಿ.ಎ. ರಸಾಯನಶಾಸ್ತ್ರಕ್ಕೂ ನನಗೂ ಹತ್ತನೆಯ ತರಗತಿಯಲ್ಲೇ ಋಣ ಹರಿದಿದೆ. ಈಚೆಗೆ ಒಂದು ಮಾಸಪತ್ರಿಕೆಗಾಗಿ ವಾಹನಗಳ ಹೊಗೆಯ ಬಗ್ಗೆ ಲೇಖನವೊಂದನ್ನು ಅನುವಾದಿಸಿದೆ. ಅದರಲ್ಲಿ ‘ಪಾಲಿಸೈಕ್ಲಿಕ್ ಆರೋಮ್ಯಾಟಿಕ್ ಹೈಡ್ರೋಕಾರ್ಬನ್’ ಎಂದಿತ್ತು. ನಿಘಂಟು ತೆರೆದೆ. ಆರೋಮ್ಯಾಟಿಕ್: ಸುವಾಸನೆಯ, ಪರಿಮಳಭರಿತ. ಅನುಮಾನವೇ ಬರಲಿಲ್ಲ, ಹಾಗೆಯೇ ಬರೆದೆ. ಅಚ್ಚಾದ ವಾಕ್ಯ ಇದು: ‘ಡೀಸೆಲ್ ಹೊಗೆಯಲ್ಲಿರುವ ಪರಿಮಳಭರಿತ ಹೈಡ್ರೋಕಾರ್ಬನ್‌ಗಳು ಕ್ಯಾನ್ಸರಿಗೆ ಕಾರಣವಾಗಬಲ್ಲವು.’

ಓದುಗರೊಬ್ಬರು ಪತ್ರ ಬರೆದರು. ‘ನಿಮ್ಮ ಅನುವಾದಕರು ಸಿಗ್ನಲ್‌ನಲ್ಲಿ ಲಾರಿಯ ಹಿಂದೆ ನಿಂತು ಮೂಗರಳಿಸುವವರಿರಬೇಕು’ ಎಂದು. ಸಂಪಾದಕರು ಅದನ್ನು ಒಂದು ಮಾತೂ ಸೇರಿಸದೆ ನನಗೆ ಕಳುಹಿಸಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಈಗ ತಿದ್ದುಪಡಿ ಬರೆದುಕೊಡಬೇಕು. ಅದಕ್ಕೆ ಮೊದಲು ಒಂದು ವಿಷಯ ತಿಳಿಯಬೇಕಾಗಿದೆ. ಪರಿಮಳವೇ ಇಲ್ಲದ ವಸ್ತುಗಳಿಗೆ ಇಂಗ್ಲಿಷಿನವರು ಈ ವಿಶೇಷಣವನ್ನು ಏಕೆ ಅಂಟಿಸಿದರು? ಕನ್ನಡದಲ್ಲಿ ಏನೆಂದು ಬರೆಯುವುದು ಸರಿ?

ಮೂಗುಬೊಟ್ಟು

ಪತ್ರ ಬರೆದವರ ವಿಳಾಸ ಕೊಡಿ, ಅಭಿನಂದಿಸಬೇಕು.

ಪಿಪೆಟ್ಟು

ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವನು ನಾನು. ಮೇಡಂ, ನಿಮ್ಮ ತಪ್ಪನ್ನು ಪ್ರತಿ ವರ್ಷ ಒಂದು ತರಗತಿಯ ಅರ್ಧದಷ್ಟು ಹುಡುಗರು ಮಾಡುತ್ತಿದ್ದರು. ನಾಚಿಕೊಳ್ಳಬೇಡಿ.

ಇಂದಿನ ರಸಾಯನಶಾಸ್ತ್ರದಲ್ಲಿ ಆರೋಮ್ಯಾಟಿಕ್ ಎಂಬ ಮಾತಿಗೂ ಮೂಗಿಗೂ ಯಾವ ಸಂಬಂಧವೂ ಇಲ್ಲ. ಅದು ಅಣುವಿನ ಕಟ್ಟಡದ ಬಗ್ಗೆ ಹೇಳುವ ಮಾತು. ಬೆಂಜೀನನ್ನು ತೆಗೆದುಕೊಳ್ಳಿ. ಆರು ಇಂಗಾಲದ ಪರಮಾಣುಗಳು ಕೈ ಕೈ ಹಿಡಿದು ಚಪ್ಪಟೆಯಾದ ಒಂದು ಉಂಗುರ ಕಟ್ಟಿವೆ. ಪುಸ್ತಕದ ಚಿತ್ರದಲ್ಲಿ ಒಂದು ಬಿಟ್ಟು ಒಂದರಂತೆ ಜೋಡಿಗೆರೆ, ಒಂಟಿಗೆರೆ ಹಾಕಿರುತ್ತಾರೆ. ನಿಜದಲ್ಲಿ ಹಾಗಿಲ್ಲ. ಆರೂ ಬಂಧಗಳು ಒಂದೇ ಉದ್ದ, ಸುಮಾರು 1.39 ಆಂಗ್‌ಸ್ಟ್ರಾಮ್ (ಪರಮಾಣುಗಳ ಅಳತೆಗೆ ಬಳಸುವ ಅತಿ ಚಿಕ್ಕ ಮಾನ). ಸಾಮಾನ್ಯ ಒಂಟಿ ಬಂಧ 1.54, ಜೋಡಿ ಬಂಧ 1.34 ಇರುತ್ತದೆ. ಇದು ಎರಡರ ನಡುವಿನದು.

ನಾನು ತರಗತಿಯಲ್ಲಿ ವಠಾರದ ಉದಾಹರಣೆ ಕೊಡುತ್ತಿದ್ದೆ. ಆರು ಮನೆ, ನಡುವೆ ಒಂದು ಬಾವಿ. ನೀರು ಯಾರ ಮನೆಯದೂ ಅಲ್ಲ, ಎಲ್ಲರದೂ ಹೌದು. ಹಾಗೆ ಆರು ಇಲೆಕ್ಟ್ರಾನುಗಳು ಇಡೀ ಉಂಗುರದ ಸೊತ್ತು. ಈ ಹಂಚಿಕೆಯಿಂದ ಅಣುವಿಗೆ ಅಸಾಧಾರಣ ಸ್ಥಿರತೆ ಬರುತ್ತದೆ. ಆ ಸ್ಥಿರತೆ ಇದ್ದರೆ ಆರೋಮ್ಯಾಟಿಕ್. ಸುವಾಸನೆ ಇರಲಿ, ದುರ್ವಾಸನೆ ಇರಲಿ, ಏನೂ ಇಲ್ಲದಿರಲಿ.

ಜರ್ಮನಿಯ ಎರಿಕ್ ಹ್ಯೂಕೆಲ್ 1931ರಲ್ಲಿ ಇದಕ್ಕೆ ಲೆಕ್ಕವನ್ನೇ ಕೊಟ್ಟರು. ಹೀಗೆ ಹಂಚಿಕೊಂಡ ಇಲೆಕ್ಟ್ರಾನುಗಳು 2, 6, 10, 14 ಹೀಗಿರಬೇಕು. 4 ಅಥವಾ 8 ಇದ್ದರೆ ನಡೆಯುವುದಿಲ್ಲ.

ಕಾಗದದ ದೋಣಿ

ವಠಾರ, ಬಾವಿ ಅರ್ಥವಾಯಿತು ಸರ್. ಹ್ಯೂಕೆಲ್ ಅರ್ಥವಾಗಲಿಲ್ಲ, ಆದರೆ ನಿಮ್ಮನ್ನು ನಂಬುತ್ತೇನೆ. ಹಾಗಾದರೆ ಹೆಸರು ಎಲ್ಲಿಂದ ಬಂತು?

ಪದಬೇಟೆ

ಅದಕ್ಕೆ ನಾನಿದ್ದೇನೆ.

ಪದ ಹುಟ್ಟಿದ್ದು ಗ್ರೀಕಿನ ‘ಅರೋಮ’ದಿಂದ. ಅಲ್ಲಿ ಅದರ ಅರ್ಥ ಬರಿಯ ವಾಸನೆಯಲ್ಲ, ಸಾಂಬಾರ ಪದಾರ್ಥ. ಅಲ್ಲಿಂದ ಲ್ಯಾಟಿನ್, ಹಳೆಯ ಫ್ರೆಂಚ್ ದಾಟಿ 14ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂತು. ಮುಂದಿನ ನಾಲ್ಕು ನೂರಕ್ಕೂ ಹೆಚ್ಚು ವರ್ಷ ಅದು ವೈದ್ಯರು, ಗಂದಿಗೆ ಅಂಗಡಿಯವರು ಬಳಸುವ ಪದವಾಗಿಯೇ ಇತ್ತು. ಲವಂಗ, ಚಕ್ಕೆ, ಧೂಪ ಇವೆಲ್ಲ ಆರೋಮ್ಯಾಟಿಕ್.

ರಸಾಯನಶಾಸ್ತ್ರದ ಅರ್ಥದಲ್ಲಿ ಈವರೆಗೆ ಗೊತ್ತಿರುವ ಮೊದಲ ಬಳಕೆ 1855ರದು. ಬರೆದವರು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಕೆಮಿಸ್ಟ್ರಿಯಲ್ಲಿದ್ದ ಜರ್ಮನ್ ವಿಜ್ಞಾನಿ ಆಗಸ್ಟ್ ವಿಲ್ಹೆಲ್ಮ್ ಹೋಫ್‌ಮನ್. ಇನ್ಸೋಲಿನಿಕ್ ಆಮ್ಲ ಎಂಬುದರ ಬಗ್ಗೆ ರಾಯಲ್ ಸೊಸೈಟಿಯ ನಡಾವಳಿಯಲ್ಲಿ ಬಂದ ಮೂರು ಪುಟದ ಬರಹ ಅದು. ಬೆಂಜೋಯಿಕ್ ಆಮ್ಲದ ಬಳಗಕ್ಕೆ ಆರೋಮ್ಯಾಟಿಕ್ ಎಂದು ಕರೆದು ಮುಂದೆ ಹೋಗಿಬಿಟ್ಟಿದ್ದಾರೆ. ಏಕೆ ಈ ಹೆಸರು ಎಂದು ಒಂದು ಸಾಲಿನ ವಿವರಣೆಯೂ ಇಲ್ಲ! ಓದಿದವರಿಗೆ ಗೊತ್ತೇ ಇದೆ ಎನ್ನುವ ಧಾಟಿ.

ಪಿಪೆಟ್ಟು

ಅಂದಿನವರಿಗೆ ವಿವರಣೆ ಬೇಕಿರಲಿಲ್ಲ ಎನ್ನಿಸುತ್ತದೆ. ಆ ಬಳಗದ ವಸ್ತುಗಳು ಆಗ ಎಲ್ಲಿಂದ ಸಿಗುತ್ತಿದ್ದವು ನೋಡಿ. ಬೆಂಜಾಲ್ಡಿಹೈಡ್ ಕಹಿ ಬಾದಾಮಿ ಎಣ್ಣೆಯಿಂದ. ಸಿನ್ನಮಾಲ್ಡಿಹೈಡ್ ದಾಲ್ಚಿನ್ನಿಯಿಂದ. ಟಾಲ್ವೀನ್‌ಗೆ ಆ ಹೆಸರು ಬಂದದ್ದು ಕೊಲಂಬಿಯದ ಟೋಲು ಎಂಬ ಊರಿನ ಹೆಸರಿನ ಸುವಾಸನೆಯ ಅಂಟಿನಿಂದ. ಸೋಂಪಿನ ಅನೆಥೋಲ್, ಲವಂಗದ ಯೂಜೆನಾಲ್, ವೆನಿಲಾದ ವೆನಿಲಿನ್, ಉಳುಕಿಗೆ ಹಚ್ಚುವ ನೋವಿನ ಮುಲಾಮಿನ ಘಾಟು ವಾಸನೆಯ ಮೀಥೈಲ್ ಸ್ಯಾಲಿಸಿಲೇಟ್, ಇವೆಲ್ಲವೂ ಒಂದೇ ಕುಲ. ಗಂದಿಗೆ ಅಂಗಡಿಯ ಡಬ್ಬಿಗಳನ್ನು ಸಾಲಾಗಿ ತೆರೆದಂತೆ.

ಇನ್ನೊಂದು ಸ್ವಾರಸ್ಯ. ಹೋಫ್‌ಮನ್ ಬರೆದ ಆ ಇನ್ಸೋಲಿನಿಕ್ ಆಮ್ಲ ತಯಾರಾದದ್ದು ಕ್ಯುಮಿನಿಕ್ ಆಮ್ಲದಿಂದ, ಅಂದರೆ ಜೀರಿಗೆ ಎಣ್ಣೆಯಿಂದ. ಆರೋಮ್ಯಾಟಿಕ್ ಎಂಬ ವಿಶೇಷಣ ರಸಾಯನಶಾಸ್ತ್ರದ ಮನೆಗೆ ಬರುವಾಗ ಕೈಯಲ್ಲಿ ಜೀರಿಗೆ ಹಿಡಿದೇ ಬಂತು.

ವೇದಮೂಲ

ಇದೆಲ್ಲ ಪಾಶ್ಚಾತ್ಯರ ಕಥೆ. ‘ಅರೋಮ’ ಎಂಬುದು ಸಂಸ್ಕೃತದ ‘ಆರಾಮ’ದಿಂದ ಹೋದದ್ದು. ಆರಾಮ ಎಂದರೆ ಉದ್ಯಾನ. ಉದ್ಯಾನದಲ್ಲಿ ಹೂವು, ಹೂವಿನಲ್ಲಿ ಪರಿಮಳ. ಇದಕ್ಕಿಂತ ಸ್ಪಷ್ಟ ಪುರಾವೆ ಬೇಕೇ?

ಪದಬೇಟೆ

ಬೇಕು. ಎರಡು ಪದಗಳು ಕಿವಿಗೆ ಒಂದೇ ಥರ ಕೇಳಿದರೆ ಅದು ವ್ಯುತ್ಪತ್ತಿಯಾಗುವುದಿಲ್ಲ. ಸಂಸ್ಕೃತದ ಆರಾಮ ‘ರಮ್’ ಧಾತುವಿನದು, ಸಂತೋಷಪಡುವುದು. ಗ್ರೀಕಿನ ಅರೋಮಕ್ಕೂ ಅದಕ್ಕೂ ನೆಂಟಸ್ತಿಕೆ ಕಟ್ಟುವುದಕ್ಕೆ ನಡುವೆ ಒಂದು ಎಳೆಯೂ ಇಲ್ಲ.

ನಿಮಗೆ ನಿಜವಾಗಿಯೂ ಸಂಸ್ಕೃತದ ನಂಟು ಬೇಕಿದ್ದರೆ ಅನಿಲೀನನ್ನು ಹಿಡಿದುಕೊಳ್ಳಿ. ಅದೂ ಆರೋಮ್ಯಾಟಿಕ್ ವಸ್ತುವೇ. ನೀಲಿ ಗಿಡದ ಬಣ್ಣವನ್ನು ಬಟ್ಟಿ ಇಳಿಸಿದಾಗ ಸಿಕ್ಕಿದ್ದು. ಸಂಸ್ಕೃತದ ನೀಲ, ಅರಬ್ಬಿಯಲ್ಲಿ ‘ಅನ್ನೀಲ್’, ಪೋರ್ಚುಗೀಸಿನಲ್ಲಿ ‘ಅನಿಲ್’, ಅಲ್ಲಿಂದ ಅನಿಲೀನ್. ಇದು ಹೆಜ್ಜೆ ಹೆಜ್ಜೆಗೂ ದಾಖಲೆ ಇರುವ ದಾರಿ. ಹೋಫ್‌ಮನ್ನರ ಶಿಷ್ಯ ಪರ್ಕಿನ್ 1856ರಲ್ಲಿ ಹದಿನೆಂಟರ ವಯಸ್ಸಿನಲ್ಲಿ ಕ್ವಿನೈನ್ ಮಾಡಲು ಹೋಗಿ ಅನಿಲೀನಿನಿಂದ ನೇರಳೆ ಬಣ್ಣ ತೆಗೆದರು. ಕೃತಕ ಬಣ್ಣಗಳ ಉದ್ಯಮ ಶುರುವಾದದ್ದೇ ಅಲ್ಲಿಂದ. ಕೊನೆಗೆ ಅದೇ ಉದ್ಯಮ ನಮ್ಮ ನೀಲಿ ಬೆಳೆಯನ್ನು ನುಂಗಿತು. ತಾನು ಹೆಸರು ಪಡೆದ ಗಿಡವನ್ನೇ!

ವೇದಮೂಲ

ನೀಲ ಒಪ್ಪಿದ್ದೀರಲ್ಲ, ಸಾಕು.

ಊದುಬತ್ತಿ

ನೀಲಿಗಿಂತ ಹತ್ತಿರದ್ದು ಒಂದಿದೆ. ಬೆಂಜೀನ್ ಎಂಬ ಹೆಸರಿನೊಳಗೇ ನಮ್ಮ ಲೋಬಾನ ಕುಳಿತಿದೆ.

ನಮ್ಮದು ಊದುಬತ್ತಿ ಮಾಡುವ ಮನೆತನ. ಅಜ್ಜ ಲೋಬಾನದ ಗಟ್ಟಿಯನ್ನು ಕತ್ತರಿಸಿ ಒಳಗಿನ ಬಿಳಿ ಕಾಳು ತೋರಿಸಿ ‘ಬಾದಾಮಿ ಕಂಡರೆ ಒಳ್ಳೆಯ ಮಾಲು’ ಎನ್ನುತ್ತಿದ್ದರು. ಕಂದು ಅಂಟಿನ ನಡುವೆ ಬಾದಾಮಿ ಚೂರಿನಂಥ ಬಿಳಿಯ ಹರಳು. ಸುಮಾತ್ರದಿಂದ ಬರುವ ಈ ಅಂಟನ್ನು ಅರಬರು ‘ಲುಬಾನ್ ಜಾವಿ’, ಜಾವಾದ ಧೂಪ, ಎಂದು ಕರೆದರು. ಯುರೋಪಿನ ಬಾಯಿಗೆ ಬಿದ್ದಾಗ ಮೊದಲಿನ ‘ಲು’ ಅಕ್ಷರವನ್ನು ತಮ್ಮ ಭಾಷೆಯ ಉಪಪದ ಎಂದು ತಿಳಿದು ಕತ್ತರಿಸಿಹಾಕಿದರು. ಉಳಿದದ್ದು ಬಾನ್‌ಜಾವಿ, ಅದು ಬೆಂಜುಯಿ, ಆಮೇಲೆ ಬೆಂಜಾಯಿನ್. ಅದರಿಂದ ತೆಗೆದ ಆಮ್ಲ ಬೆಂಜೋಯಿಕ್ ಆಮ್ಲ. ಅದನ್ನು ಸುಣ್ಣದ ಜೊತೆ ಕಾಯಿಸಿ 1833ರಲ್ಲಿ ಮಿಚರ್ಲಿಕ್ ತೆಗೆದ ದ್ರವ ‘ಬೆಂಜಿನ್’. ದರ್ಗಾದಲ್ಲಿ ಹಾಕುವ ಲೋಬಾನಕ್ಕೂ ಪೆಟ್ರೋಲಿನಲ್ಲಿರುವ ಬೆಂಜೀನಿಗೂ ಹೆಸರು ಒಂದೇ ಬೇರಿನದು.

ಪದಬೇಟೆ

ಅರೆ, ಇದನ್ನು ನಾನು ಬರೆಯಬೇಕೆಂದು ಕುಳಿತಿದ್ದೆ. ಒಂದು ಸೇರ್ಪಡೆ. ಬರಿಯ ‘ಲುಬಾನ್’ ಎಂದರೆ ಅರಬ್ಬಿಯಲ್ಲಿ ಬೇರೆಯೇ ಮರದ ಅಂಟು, ಅವರ ನಾಡಿನದೇ ಧೂಪ. ಜಾವಿ ಎಂದು ಸೇರಿಸಿದರೆ ಮಾತ್ರ ಇದು. 14ನೆಯ ಶತಮಾನದ ಯಾತ್ರಿಕ ಇಬ್ನ್ ಬತೂತ ಕೂಡ ಹಾಗೆಯೇ ಕರೆದಿದ್ದಾನೆ. ಅವನಿಗೆ ಸುಮಾತ್ರವೂ ‘ಜಾವಾ’ವೇ. ಇನ್ನು ಇಂಗ್ಲಿಷಿನ ಅಂಗಡಿಯವರು ಬೆಂಜಾಯಿನ್ ಅನ್ನು ಬಾಯಲ್ಲಿ ತಿರುಗಿಸಲಾಗದೆ ‘ಬೆಂಜಮಿನ್ ಅಂಟು’ ಮಾಡಿಬಿಟ್ಟಿದ್ದರು.

ಪಿಪೆಟ್ಟು

ಆದರೆ ಬೆಂಜೀನನ್ನು ಮೊದಲು ಕಂಡವರು ಮಿಚರ್ಲಿಕ್ ಅಲ್ಲ, ಮೈಕೆಲ್ ಫ್ಯಾರಡೆ, 1825ರಲ್ಲಿ. ದೀಪ ಉರಿಸುವ ಅನಿಲವನ್ನು ಒತ್ತಿ ತುಂಬಿದ ಪಾತ್ರೆಗಳ ತಳದಲ್ಲಿ ಕೂಡುತ್ತಿದ್ದ ಎಣ್ಣೆಯಲ್ಲಿ. ಅವರಿಟ್ಟ ಹೆಸರು ‘ಬೈಕಾರ್ಬುರೆಟ್ ಆಫ್ ಹೈಡ್ರೊಜನ್’. ಅದು ಉಳಿಯದಿದ್ದದ್ದೇ ಒಳ್ಳೆಯದಾಯಿತು.

ಹೋಫ್‌ಮನ್ನರ ಕಾಲಕ್ಕೆ ಬೆಂಜೀನ್ ಬರುತ್ತಿದ್ದದ್ದು ಲೋಬಾನದಿಂದಲ್ಲ, ಕಲ್ಲಿದ್ದಲಿನ ಡಾಂಬರಿನಿಂದ. ಅದನ್ನು ಬಟ್ಟಿ ಇಳಿಸುವ ದಾರಿ ಕಂಡುಹಿಡಿದವರು ಹೋಫ್‌ಮನ್ನರ ಶಿಷ್ಯ ಚಾರ್ಲ್ಸ್ ಮ್ಯಾನ್ಸ್‌ಫೀಲ್ಡ್. 1855ರ ಫೆಬ್ರವರಿಯಲ್ಲಿ ಬಟ್ಟಿ ಪಾತ್ರೆ ಉಕ್ಕಿ ಹೊತ್ತಿಕೊಂಡಿತು. ಉರಿಯುತ್ತಿದ್ದ ಪಾತ್ರೆಯನ್ನು ಎತ್ತಿ ಹೊರಗೆ ಒಯ್ಯಲು ಹೋಗಿ ಸುಟ್ಟುಕೊಂಡು ಕೆಲವು ದಿನಗಳಲ್ಲಿ ತೀರಿಕೊಂಡರು. ಗುರು ಆ ವಿಶೇಷಣ ಬಳಸಿದ ವರ್ಷವೇ. ಪಾಠ ಮಾಡುವಾಗ ಇದನ್ನು ಹೇಳಿದ ದಿನ ಹಿಂದಿನ ಬೆಂಚೂ ಸುಮ್ಮನಿರುತ್ತಿತ್ತು.

ಬಂದರು ರಸ್ತೆ

ನಾನು ಮಂಗಳೂರಿನ ತೈಲ ಶುದ್ಧೀಕರಣಾಗಾರದ ಕಡೆ ಕೆಲಸ ಮಾಡುವವನು. ಇಲ್ಲಿ ‘ಆರೋಮ್ಯಾಟಿಕ್ ಕಾಂಪ್ಲೆಕ್ಸ್’ ಎಂಬ ಘಟಕವಿದೆ, ಪ್ಯಾರಾಕ್ಸೈಲೀನ್ ಮತ್ತು ಬೆಂಜೀನ್ ತಯಾರಾಗುತ್ತವೆ. ಕೆಲಸ ಸಿಕ್ಕಿದಾಗ ಅಮ್ಮ ಊರಲ್ಲೆಲ್ಲ ‘ಮಗ ಅತ್ತರಿನ ಫ್ಯಾಕ್ಟರಿಯಲ್ಲಿದ್ದಾನೆ’ ಎಂದು ಹೇಳಿಕೊಂಡು ಬಂದರು. ಮದುವೆ ಮಾತುಕತೆಯಲ್ಲೂ ಹಾಗೆಯೇ ಪರಿಚಯ. ಹುಡುಗಿಯ ಸೋದರಮಾವ ‘ಒಂದೆರಡು ಬಾಟಲಿ ತರಬಹುದಿತ್ತಲ್ಲ’ ಎಂದರು. ತಂದಿದ್ದರೆ ಪೊಲೀಸರೇ ಬರುತ್ತಿದ್ದರು.

ನಮ್ಮಲ್ಲಿ ಅದು ವಿಶೇಷಣವಾಗಿ ಉಳಿದಿಲ್ಲ, ನಾಮಪದವೇ ಆಗಿದೆ. ‘ಇವತ್ತು ಆರೋಮ್ಯಾಟಿಕ್ಸ್ ಎಷ್ಟಿದೆ’ ಎಂದು ಕೇಳುತ್ತೇವೆ. ಪೆಟ್ರೋಲಿಗೂ ಮಿತಿ ಇದೆ. ವಾಹನಗಳ ಹೊಗೆ ತಗ್ಗಿಸಲು ತಂದ ಈಗಿನ ಬಿ.ಎಸ್.6 ಮಾನದಂಡದಲ್ಲಿ ಬೆಂಜೀನ್ ಶೇಕಡಾ 1ಕ್ಕಿಂತ, ಒಟ್ಟು ಆರೋಮ್ಯಾಟಿಕ್ಸ್ ಶೇಕಡಾ 35ಕ್ಕಿಂತ ಹೆಚ್ಚಿರಬಾರದು.

ಬೆಂಜೀನಿಗೆ ಒಂದು ಬಗೆಯ ಸಿಹಿ ವಾಸನೆ ಇದೆ ಎಂಬುದು ನಿಜ. ಆದರೆ ಅದು ರಕ್ತದ ಕ್ಯಾನ್ಸರ್ ತರುತ್ತದೆ ಎಂದು ಸಾಬೀತಾಗಿದೆ. ನಮಗೆ ಕಲಿಸುವ ಮೊದಲ ಪಾಠವೇ ವಾಸನೆ ನೋಡಬೇಡ ಎನ್ನುವುದು.

ಪಿಪೆಟ್ಟು

ಬಂದರು ರಸ್ತೆಯವರೇ, ನಿಮ್ಮ ಪ್ಯಾರಾಕ್ಸೈಲೀನ್ ಮುಂದೆ ಟೆರಿಫ್ತಾಲಿಕ್ ಆಮ್ಲವಾಗಿ ಪಾಲಿಯೆಸ್ಟರ್ ಸೀರೆಯಾಗುತ್ತದೆ, ನೀರಿನ ಬಾಟಲಿಯಾಗುತ್ತದೆ. ಜೀರಿಗೆಯ ಕ್ಯುಮಿನಿಕ್ ಆಮ್ಲವನ್ನು ಚೆನ್ನಾಗಿ ಆಕ್ಸಿಡೀಕರಿಸಿದರೂ ಸಿಗುವುದು ಅದೇ ಟೆರಿಫ್ತಾಲಿಕ್ ಆಮ್ಲ. ಹೋಫ್‌ಮನ್ನರ ಜೀರಿಗೆಗೂ ನಿಮ್ಮ ಘಟಕಕ್ಕೂ ಒಂದು ಆಕ್ಸಿಡೀಕರಣದ ದೂರ.

ಮೂಗುಬೊಟ್ಟು

ಜೀರಿಗೆಯಿಂದ ಸೀರೆ. ನಮ್ಮ ಅತ್ತೆಗೆ ಹೇಳುವುದಿಲ್ಲ.

ಗದ್ದೆಯ ಬದು

ನನ್ನದೊಂದು ಗೊಂದಲ. ನಾವು ಮಲೆನಾಡಿನಲ್ಲಿ ಗಂಧಸಾಲೆ ಬೆಳೆಯುತ್ತೇವೆ. ಗದ್ದೆಯಲ್ಲಿ ತೆನೆ ಬಂದಾಗಲೇ ದಾರಿಹೋಕರಿಗೆ ಕಂಪು ಗೊತ್ತಾಗುತ್ತದೆ. ಕೃಷಿ ವಿಜ್ಞಾನಿಗಳು ಇಂಥ ಅಕ್ಕಿಯನ್ನು ‘ಆರೋಮ್ಯಾಟಿಕ್ ರೈಸ್’ ಎನ್ನುತ್ತಾರೆ. ಹಾಗಾದರೆ ನಮ್ಮ ಅಕ್ಕಿಯಲ್ಲಿ ಬೆಂಜೀನ್ ಇದೆಯೇ? ಮಾರುವುದು ಹೇಗೆ?

ಪಿಪೆಟ್ಟು

ಗಾಬರಿಯಾಗಬೇಡಿ, ಇಲ್ಲ. ಅಲ್ಲಿ ಹಳೆಯ ಅರ್ಥ, ಬರಿಯ ಪರಿಮಳ. ಬಾಸ್ಮತಿಯಂಥ ಪರಿಮಳದ ಅಕ್ಕಿಗಳ ಮುಖ್ಯ ವಾಸನೆ 2-ಅಸಿಟೈಲ್-1-ಪಿರೊಲೀನ್ ಎಂಬ ಅಣುವಿನದು. ಅದರಲ್ಲಿ ಉಂಗುರವಿದೆ, ಆದರೆ ಅದು ಆರೋಮ್ಯಾಟಿಕ್ ಉಂಗುರವಲ್ಲ. ಆರೋಮ್ಯಾಟಿಕ್ ಅಕ್ಕಿಯ ಆರೋಮ ಆರೋಮ್ಯಾಟಿಕ್ ಅಲ್ಲ. ಈ ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳಿದರೆ ಎದುರಿನವರು ನಿಮ್ಮನ್ನು ವೈದ್ಯರ ಬಳಿ ಕರೆದೊಯ್ಯುತ್ತಾರೆ.

ಇನ್ನೂ ಕೇಳಿ. ಶ್ರೀಗಂಧದ ಎಣ್ಣೆಯ ಸ್ಯಾಂಟಲಾಲ್ ಆರೋಮ್ಯಾಟಿಕ್ ಅಲ್ಲ. ಕರ್ಪೂರ ಅಲ್ಲ. ನಿಂಬೆಯ ಲಿಮೊನೀನ್, ಮಜ್ಜಿಗೆ ಹುಲ್ಲಿನ ಸಿಟ್ರಾಲ್, ಏಲಕ್ಕಿಯ ಸಿನಿಯೋಲ್, ಲ್ಯಾವೆಂಡರಿನ ಲಿನಲೂಲ್, ಯಾವುದೂ ಅಲ್ಲ. ಅವೆಲ್ಲ ಟರ್ಪೀನ್ ಎಂಬ ಬೇರೆ ಕುಲ. ಅತ್ತ ಆಸ್ಪಿರಿನ್ ಮಾತ್ರೆಗೆ ವಾಸನೆಯೇ ಇಲ್ಲ, ಆದರೆ ಆರೋಮ್ಯಾಟಿಕ್. ನಿಮ್ಮ ರಕ್ತದ ಕೆಂಪಿಗೆ ಕಾರಣವಾದ ಹೀಮ್‌ನ ದೊಡ್ಡ ಉಂಗುರವೂ ಆರೋಮ್ಯಾಟಿಕ್. ಪಿರಿಡೀನ್ ಎಂಬುದು ಅಚ್ಚ ಆರೋಮ್ಯಾಟಿಕ್. ಅದರ ಶೀಸೆ ತೆರೆದ ದಿನ ಪ್ರಯೋಗಶಾಲೆಯ ಸಹಾಯಕ ಕೊಳೆತ ಮೀನು ಎಲ್ಲಿದೆ ಎಂದು ಹುಡುಕಾಡುತ್ತಿದ್ದ.

ಊದುಬತ್ತಿ

ಶ್ರೀಗಂಧ ಆರೋಮ್ಯಾಟಿಕ್ ಅಲ್ಲ ಎಂದು ಮೈಸೂರಿನಲ್ಲಿ ನಿಂತು ಹೇಳಿ ನೋಡೋಣ ಸರ್.

ಪಿಪೆಟ್ಟು

ಮೈಸೂರಿನಲ್ಲೇ ಇದ್ದೇನೆ. ಪಿಸುಮಾತಿನಲ್ಲಿ ಹೇಳಿದೆ.

ಮಲ್ಲಿಗೆ ಮಾಲೆ

ಸುಗಂಧದ್ರವ್ಯದ ಕಂಪನಿಯೊಂದರಲ್ಲಿ ಇದ್ದವಳು ನಾನು. ಮಲ್ಲಿಗೆಯ ವಾಸನೆಯಲ್ಲಿ ಬೆಂಜೈಲ್ ಅಸಿಟೇಟ್ ದೊಡ್ಡ ಪಾಲು, ಅದು ಆರೋಮ್ಯಾಟಿಕ್. ಜೊತೆಗೆ ಇಂಡೋಲ್ ಎಂಬುದೂ ಚೂರು ಇರುತ್ತದೆ, ಅದೂ ಆರೋಮ್ಯಾಟಿಕ್. ಮಲದ ವಾಸನೆಗೆ ಕಾರಣವಾಗುವ ವಸ್ತುಗಳಲ್ಲೂ ಇಂಡೋಲ್ ಒಂದು. ಮೊದಲ ದಿನ ಮೇಲಧಿಕಾರಿ ಎರಡು ಕಾಗದದ ಪಟ್ಟಿ ಮೂಸಲು ಕೊಟ್ಟರು. ಒಂದರಲ್ಲಿ ಇಂಡೋಲ್ ಇಲ್ಲದ ಮಲ್ಲಿಗೆ. ಚೆನ್ನಾಗಿತ್ತು, ಆದರೆ ಸೋಪಿನಂತಿತ್ತು. ಇನ್ನೊಂದರಲ್ಲಿ ಇಂಡೋಲ್ ಬೆರೆತದ್ದು. ಮೂಸಿದ ಕ್ಷಣ ಸಂಜೆ ಏಳು ಗಂಟೆಗೆ ಅಜ್ಜಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ದಂಡೆ ನೆನಪಾಯಿತು. ಸ್ವಲ್ಪ ಬಾಡಿದ, ಸ್ವಲ್ಪ ಕಮಟಿದ, ನಿಜವಾದ ಮಲ್ಲಿಗೆ.

ವೇದಮೂಲ

ಇನ್ನು ಮುಡಿಯುವವರು ಯೋಚಿಸಬೇಕು. ಛೇ.

ತಿಳಿಗನ್ನಡ

ಎಲ್ಲ ಸರಿ, ಆದರೆ ಮೂಲ ಪ್ರಶ್ನೆಗೆ ಉತ್ತರ ಎಲ್ಲಿ? ಕನ್ನಡದಲ್ಲಿ ಏನು ಬರೆಯಬೇಕು? ಆರೋಮ್ಯಾಟಿಕ್ ಎಂದೇ ಬರೆಯುವುದು ಸೋಮಾರಿತನ. ಚೀನಿಯರು, ಜಪಾನಿಯರು ತಮ್ಮ ಭಾಷೆಗೆ ತಂದುಕೊಂಡಿಲ್ಲವೇ? ನನ್ನ ಸಲಹೆ ‘ಬಳೆಯಣು’ ಅಥವಾ ‘ವಲಯ ಸಂಯುಕ್ತ’.

ಪಿಪೆಟ್ಟು

ಉಂಗುರವಿದ್ದದ್ದೆಲ್ಲ ಆರೋಮ್ಯಾಟಿಕ್ ಅಲ್ಲ ಎಂದು ಈಗಷ್ಟೇ ಹೇಳಿದೆ. ಸೈಕ್ಲೋಹೆಕ್ಸೇನಿಗೂ ಆರು ಇಂಗಾಲದ ಬಳೆ ಇದೆ. ಕರ್ಪೂರಕ್ಕೆ ಒಂದಕ್ಕೊಂದು ಬೆಸೆದ ಬಳೆಗಳೇ ಇವೆ. ‘ಬಳೆಯಣು’ ಎಂದರೆ ಅವೂ ಒಳಗೆ ಬರುತ್ತವೆ.

ಪದಬೇಟೆ

ಚೀನಿಯರ ಉದಾಹರಣೆ ನಿಮ್ಮ ವಾದಕ್ಕೇ ಮುಳುವು, ತಿಳಿಗನ್ನಡದವರೇ. ಅವರ ‘ಫಾಂಗ್‌ಶಿಯಾಂಗ್’, ಜಪಾನಿಯರ ‘ಹೋಕೋ’, ಎರಡಕ್ಕೂ ಅರ್ಥ ಪರಿಮಳ. ಕಾಗದದ ದೋಣಿಯವರು ಒಂದು ಲೇಖನದಲ್ಲಿ ಮಾಡಿದ್ದನ್ನು ಅವರು ಇಡೀ ಪಠ್ಯಪುಸ್ತಕಕ್ಕೆ ಮಾಡಿಟ್ಟುಕೊಂಡಿದ್ದಾರೆ.

ಕಾಗದದ ದೋಣಿ

ನಾನು ಒಬ್ಬಳೇ ಅಲ್ಲ ಎಂದಾಯಿತು. ಈ ವಾಕ್ಯವನ್ನು ಚೌಕಟ್ಟು ಹಾಕಿಸುತ್ತೇನೆ.

ತಿಳಿಗನ್ನಡ

ಹಾಗಾದರೆ ಆಮ್ಲಜನಕ ಎನ್ನುವುದನ್ನೂ ಬಿಟ್ಟು ಆಕ್ಸಿಜನ್ ಎನ್ನೋಣವೇ? ನಮ್ಮ ಹಿರಿಯರು ಕಷ್ಟಪಟ್ಟು ಕಟ್ಟಿದ ಪದಗಳು.

ಪಿಪೆಟ್ಟು

ಆಮ್ಲಜನಕವೇ ನೋಡಿ ತಕ್ಕ ಎಚ್ಚರಿಕೆ. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇರುತ್ತದೆ ಎಂದು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೆ ನಂಬಿದ್ದರು. ಅದಕ್ಕೆ ಗ್ರೀಕಿನಲ್ಲಿ ಆಮ್ಲವನ್ನು ಹುಟ್ಟಿಸುವುದು ಎಂಬ ಹೆಸರಿಟ್ಟರು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲ ಎಂದು 1810ರ ಹೊತ್ತಿಗೆ ಡೇವಿ ತೋರಿಸಿದರು. ಇಂಗ್ಲಿಷಿನವನಿಗೆ ಆಕ್ಸಿಜನ್ ಎಂಬುದರ ಒಳಗಿನ ತಪ್ಪು ಕಾಣುವುದಿಲ್ಲ, ಅವನಿಗೆ ಗ್ರೀಕ್ ಬರುವುದಿಲ್ಲ. ನಾವು ಮಾತ್ರ ಆ ತಪ್ಪನ್ನು ಅಚ್ಚುಕಟ್ಟಾಗಿ ಅನುವಾದಿಸಿ ಎಲ್ಲರಿಗೂ ಅರ್ಥವಾಗುವಂತೆ ಮಾಡಿದೆವು. ಪ್ರತಿ ವರ್ಷ ಒಬ್ಬ ಹುಡುಗನಾದರೂ ‘ಸರ್, ಆಮ್ಲಜನಕ ಇಲ್ಲದೆ ಆಮ್ಲ ಹೇಗೆ’ ಎಂದು ಕೇಳುತ್ತಿದ್ದ. ಅವನ ತಪ್ಪೇನಿದೆ?

ಗದ್ದೆಯ ಬದು

ಸಾವಯವ ಎನ್ನುವುದೂ ಹೀಗೆಯೇ ಅಲ್ಲವೇ? ನಮ್ಮ ಊರಿನ ಸಭೆಯಲ್ಲಿ ಜಗಳವೇ ಆಗಿತ್ತು. ಒಬ್ಬ ಎಂ.ಎಸ್ಸಿ. ಹುಡುಗ ಎದ್ದು ‘ಯೂರಿಯಾ ಸಾವಯವ’ ಎಂದ. ಸಾವಯವ ಕೃಷಿ ಮಾಡುವ ಹಿರಿಯರು ಅವನನ್ನು ಹೊಡೆಯಲು ಹೋಗಿದ್ದರು.

ಪಿಪೆಟ್ಟು

ಹುಡುಗ ಹೇಳಿದ್ದು ಪುಸ್ತಕದ ಪ್ರಕಾರ ಸರಿ, ರಸಾಯನಶಾಸ್ತ್ರದಲ್ಲಿ ಸಾವಯವ ಎಂದರೆ ಇಂಗಾಲದ ಸಂಯುಕ್ತ ಎಂದಷ್ಟೇ. 1828ರಲ್ಲಿ ವೋಲರ್ ಪ್ರಯೋಗಶಾಲೆಯಲ್ಲಿ ಯೂರಿಯಾ ಮಾಡಿದ್ದನ್ನು ಸಾವಯವ ರಸಾಯನಶಾಸ್ತ್ರದ ಮೊದಲ ಪಾಠದಲ್ಲೇ ಹೇಳುತ್ತೇವೆ. ಹಿರಿಯರು ಹೇಳಿದ್ದೂ ಸರಿ, ಸಾವಯವ ಕೃಷಿಯಲ್ಲಿ ಕಾರ್ಖಾನೆಯ ಯೂರಿಯಾ ನಿಷಿದ್ಧ.

ಪದಬೇಟೆ

ಇಂಗ್ಲಿಷಿನಲ್ಲಿ ‘ಆರ್ಗ್ಯಾನಿಕ್ ಫಾರ್ಮಿಂಗ್’ ಎಂಬ ಮಾತು 1940ರಲ್ಲಿ ಲಾರ್ಡ್ ನಾರ್ತ್‌ಬೋರ್ನ್ ಎಂಬುವವರಿಂದ ಬಂತು. ಇಡೀ ಹೊಲವೇ ಒಂದು ಜೀವಿ, ಅದರ ಭಾಗಗಳು ಅವಯವಗಳು ಎಂಬ ಅರ್ಥದಲ್ಲಿ. ಗೊಬ್ಬರದ ರಸಾಯನದ ಲೆಕ್ಕ ಅಲ್ಲಿ ಇರಲಿಲ್ಲ. ನಾವು ಎರಡಕ್ಕೂ ಒಂದೇ ‘ಸಾವಯವ’ ಹೊಂದಿಸಿ ಇಂಗ್ಲಿಷಿನ ಜಗಳವನ್ನು ಸುಂಕ ಕಟ್ಟಿ ಆಮದು ಮಾಡಿಕೊಂಡೆವು.

ಆರೋಮ್ಯಾಟಿಕ್ ವಿಷಯದಲ್ಲಿ ಮಾತ್ರ ಕನ್ನಡ ಗೆದ್ದಿದೆ ಎಂದು ನನ್ನ ವಾದ. ಗಿಡಗಳ ಮಾತು ಬಂದಾಗ ‘ಔಷಧೀಯ ಮತ್ತು ಸುಗಂಧ ಸಸ್ಯಗಳು’ ಎನ್ನುತ್ತೇವೆ. ಅಣುವಿನ ಮಾತು ಬಂದಾಗ ಆರೋಮ್ಯಾಟಿಕ್ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಒಂದೇ ಪದ ಎರಡು ಹೊರೆ ಹೊರುತ್ತಿದೆ, ನಮ್ಮಲ್ಲಿ ಇಬ್ಬರು ಕೂಲಿಗಳಿದ್ದಾರೆ. ಎರಡನೆಯವನು ಪರಊರಿನವನು ಎಂಬ ಕಾರಣಕ್ಕೆ ಓಡಿಸಬೇಕೇ?

ತಿಳಿಗನ್ನಡ

ಕೂಲಿಯ ಉದಾಹರಣೆ ಹಿಡಿಸಲಿಲ್ಲ, ವಾದ ಸ್ವಲ್ಪ ಹಿಡಿಸಿತು. ಆದರೂ ವಾಸನೆಯಿಂದ ವಸ್ತುವಿಗೆ ಹೆಸರಿಡುವುದು ನಮಗೆ ಹೊಸದಲ್ಲ. ‘ಗಂಧಕ’ ಯಾರ ಪದ? ನಮ್ಮ ರಸಶಾಸ್ತ್ರದ್ದು. ಅದನ್ನು ಸುಗಂಧ ಎಂದು ಯಾರಾದರೂ ತಪ್ಪು ತಿಳಿದಿದ್ದಾರೆಯೇ?

ಮಲ್ಲಿಗೆ ಮಾಲೆ

ಇದು ಒಳ್ಳೆಯ ಮಾತು. ಗಂಧ ಎಂದರೆ ಮೂಲದಲ್ಲಿ ಬರಿಯ ವಾಸನೆ. ಒಳ್ಳೆಯದೋ ಕೆಟ್ಟದೋ ಎನ್ನುವುದನ್ನು ಸು, ದುರ್ ಹೇಳಬೇಕು. ಕನ್ನಡದ ವಾಸನೆಯೂ ಹಾಗೆಯೇ ಇತ್ತು, ಈಗ ‘ವಾಸನೆ ಬರುತ್ತಿದೆ’ ಎಂದರೆ ಮೂಗು ಮುಚ್ಚಿಕೊಳ್ಳುತ್ತಾರೆ. ‘ನಾರು’ವುದಕ್ಕೂ ‘ನರುಗಂಪಿ’ಗೂ ಬೇರು ಒಂದೇ, ಒಂದು ತಿಪ್ಪೆಗೆ ಹೋಯಿತು, ಇನ್ನೊಂದು ಕಾವ್ಯಕ್ಕೆ ಹೋಯಿತು.

ಪಿಪೆಟ್ಟು

ಅನುವಾದವೇ ಬೇಕು ಎನ್ನುವವರಿಗೆ ನನ್ನ ಕೊನೆಯ ಪ್ರಶ್ನೆ. 4 ಅಥವಾ 8 ಇಲೆಕ್ಟ್ರಾನುಗಳ ಚಪ್ಪಟೆ ಉಂಗುರ ಅಸ್ಥಿರವಾಗಿರುತ್ತದೆ. ಅದಕ್ಕೆ ‘ಆ್ಯಂಟಿಆರೋಮ್ಯಾಟಿಕ್’ ಎನ್ನುತ್ತಾರೆ. ಏನೆಂದು ಬರೆಯುತ್ತೀರಿ? ದುರ್ನಾತ ಸಂಯುಕ್ತ ಎಂದೇ?

ತಿಳಿಗನ್ನಡ

ಯೋಚಿಸಿ ಹೇಳುತ್ತೇನೆ.

ಹಳೆ ಪೆಟ್ಟಿಗೆ

ತಡವಾಗಿ ಬಂದೆ. ಯಾರೂ ಹೇಳಲಿಲ್ಲವಲ್ಲ, ನಮ್ಮ ಮನೆಯಲ್ಲಿ ನ್ಯಾಫ್ತಲೀನಿಗೆ ‘ಡಾಂಬರು ಗುಳಿಗೆ’ ಎಂದೇ ಹೆಸರು. ರೇಷ್ಮೆ ಸೀರೆಯ ಪೆಟ್ಟಿಗೆಯಲ್ಲಿ ನಾಲ್ಕು. ಇದೂ ಆರೋಮ್ಯಾಟಿಕ್ಕೇ?

ಪಿಪೆಟ್ಟು

ಹೌದು, ಎರಡು ಬೆಂಜೀನ್ ಉಂಗುರ ಒಂದಕ್ಕೊಂದು ಅಂಟಿದಂತೆ. ಕಲ್ಲಿದ್ದಲಿನ ಡಾಂಬರಿನಿಂದಲೇ ತೆಗೆಯುತ್ತಿದ್ದದ್ದು. ಹೆಸರಿಟ್ಟವರಿಗೆ ನಮಸ್ಕಾರ. ವಾಸನೆಯ ಗೊಡವೆ ಇಲ್ಲ, ಗ್ರೀಕಿನ ಗೊಡವೆ ಇಲ್ಲ, ಎಲ್ಲಿಂದ ಬಂತೋ ಅದನ್ನೇ ಕರೆದರು. ಆದರೆ ಈಗ ಅಂಗಡಿಯಲ್ಲಿ ಸಿಗುವ ಗುಳಿಗೆಗಳಲ್ಲಿ ಬಹಳಷ್ಟು ಪ್ಯಾರಾಡೈಕ್ಲೋರೋಬೆಂಜೀನಿನವು. ಅದೂ ಆರೋಮ್ಯಾಟಿಕ್.

ಮಾತ್ರೆ ಅಂಗಡಿ

ವಿಷಯಾಂತರಕ್ಕೆ ಕ್ಷಮಿಸಿ. ನ್ಯಾಫ್ತಲೀನ್ ಹಾಕಿಟ್ಟ ಬಟ್ಟೆಯನ್ನು ಹಸುಗೂಸಿಗೆ ನೇರವಾಗಿ ಹೊದಿಸಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಶಿಶುಗಳಲ್ಲಿ ಕೆಂಪು ರಕ್ತಕಣಗಳು ಒಡೆದು ಕಾಮಾಲೆಯಾಗುತ್ತದೆ. ಚೆನ್ನಾಗಿ ಒಗೆದು, ಬಿಸಿಲಿಗೆ ಹಾಕಿ, ವಾಸನೆ ಪೂರ್ತಿ ಹೋದ ಮೇಲೆ ಬಳಸಿ.

ಹಳೆ ಪೆಟ್ಟಿಗೆ

ಅಯ್ಯೋ, ಇದು ಗೊತ್ತಿರಲಿಲ್ಲ. ಮಗಳಿಗೆ ಈಗಲೇ ಫೋನ್ ಮಾಡುತ್ತೇನೆ.

ಮೂಗುಬೊಟ್ಟು

ಕನಸಿನಲ್ಲಿ ಹಾವು ಬಾಲ ಕಚ್ಚಿದ್ದನ್ನು ಕಂಡು ಬೆಂಜೀನ್ ಕಂಡುಹಿಡಿದವರ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಗೊತ್ತಿರುವುದು ಅದೊಂದೇ.

ಪಿಪೆಟ್ಟು

ಕಂಡುಹಿಡಿದದ್ದಲ್ಲ, ಅದರ ರಚನೆ ಹೇಳಿದ್ದು. ಕೆಕುಲೆ, 1865. ಆ ಲೇಖನದ ತಲೆಬರಹದಲ್ಲೇ ‘ಆರೋಮ್ಯಾಟಿಕ್ ವಸ್ತುಗಳು’ ಎಂದಿದೆ, ಫ್ರೆಂಚಿನಲ್ಲಿ. ವಿಶೇಷಣ ಗಟ್ಟಿಯಾಗಿ ನಿಂತದ್ದು ಅಲ್ಲಿ. ಹಾವಿನ ಕಥೆಯನ್ನು ಅವರು ಹೇಳಿದ್ದು 25 ವರ್ಷ ಕಳೆದ ಮೇಲೆ, 1890ರಲ್ಲಿ ಬರ್ಲಿನ್ನಿನ ಸನ್ಮಾನ ಸಭೆಯಲ್ಲಿ. ಸನ್ಮಾನದ ಭಾಷಣದಲ್ಲಿ ಹೇಳಿದ್ದನ್ನು ಎಷ್ಟು ನಂಬಬೇಕು ಎಂಬುದು ನಿಮಗೆ ಬಿಟ್ಟದ್ದು. ನನ್ನ ನಿವೃತ್ತಿಯ ದಿನ ನಾನೂ ಕೆಲವು ಕಥೆ ಹೇಳಿದ್ದೇನೆ.

ಕಾಗದದ ದೋಣಿ

ಎಲ್ಲರಿಗೂ ತುಂಬಾ ಧನ್ಯವಾದ. ‘ಪರಿಮಳಭರಿತ ಎಂಬುದನ್ನು ಆರೋಮ್ಯಾಟಿಕ್ ಎಂದು ಓದಿಕೊಳ್ಳಬೇಕು’ ಎಂದು ತಿದ್ದುಪಡಿ ಕಳುಹಿಸಿದ್ದೇನೆ. ಲೋಬಾನದ ವಿಷಯ ಬಿಡಲು ಮನಸ್ಸಾಗದೆ ಪ್ರತ್ಯೇಕ ಟಿಪ್ಪಣಿಯನ್ನೂ ಕೊಟ್ಟಿದ್ದೇನೆ.

ಕಾಗದದ ದೋಣಿ (ಮೂರು ವಾರಗಳ ನಂತರ)

ಹೊಸ ಸಂಚಿಕೆ ಬಂತು. ಟಿಪ್ಪಣಿ ಬಂದಿಲ್ಲ, ತಿದ್ದುಪಡಿ ಬಂದಿದೆ. ಪುಟ ಕಟ್ಟುವಾಗ ಕಂಪ್ಯೂಟರ್ ನನ್ನ ಪದವನ್ನು ತಾನೇ ತಿದ್ದಿಕೊಂಡಿದೆ. ಅಚ್ಚಾದದ್ದು ಹೀಗೆ: ‘ಕಳೆದ ಸಂಚಿಕೆಯ ಲೇಖನದಲ್ಲಿ ಪರಿಮಳಭರಿತ ಹೈಡ್ರೋಕಾರ್ಬನ್‌ಗಳು ಎಂಬುದನ್ನು ಆರೋಗ್ಯಕರ ಹೈಡ್ರೋಕಾರ್ಬನ್‌ಗಳು ಎಂದು ಓದಿಕೊಳ್ಳಬೇಕು.’

ಮೂಗುಬೊಟ್ಟು

ಆ ಓದುಗರ ವಿಳಾಸ ಇನ್ನೂ ಕೊಟ್ಟಿಲ್ಲ ನೀವು.

ಪಿಪೆಟ್ಟು

ಪತ್ರ ಬರೆದದ್ದು ನಾನೇ ಮೇಡಂ. ಇನ್ನೊಂದು ಬರೆಯಬೇಕಾಗಿದೆ ಈಗ.